ಅರ್ಧಕ್ಕೆ ನಿಲ್ಲಿಸಿದ ನಡಿಗೆ

ಕೂಟಗಲ್ಲಿನ ಬೈರಪ್ಪನ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದ ದಿನದಿಂದ ಗೂಡು ಕಟ್ಟುವವರೆಗೆ ಒಲೆಯ ಮೇಲೆ ಒಗ್ಗರಣೆ ಬೀಳುವಂತಿರಲಿಲ್ಲ. ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳ ಬೆರಳುದ್ದ ಬೆಳೆದು ಹೊತ್ತುಹೊತ್ತಿಗೆ ಸೊಪ್ಪು ಕೇಳುತ್ತದೆ. ಆ ಹೊತ್ತಿನಲ್ಲಿ ಸಾಸಿವೆ ಸಿಡಿದರೂ, ಒಣಮೆಣಸಿನಕಾಯಿ ಘಾಟು ಹಿತ್ತಿಲಿನ ಹುಳದ ಮನೆಗೆ ತಾಕಿದರೂ, ಹುಳ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಕೂರುತ್ತವೆ ಎಂಬುದು ಬೈರಪ್ಪನ ಹೆಂಡತಿ ಸರಸಮ್ಮನ ನಂಬಿಕೆ. ಅವಳ ಅತ್ತೆಗೂ ಅದೇ ನಂಬಿಕೆಯಿತ್ತು. ಸೊಸೆ ಶ್ವೇತ ಮಾತ್ರ ಈ ಮನೆಗೆ ಬಂದು ಎರಡು ವರ್ಷವಾದರೂ ಇದಕ್ಕೆ ಒಗ್ಗಿಕೊಂಡಿರಲಿಲ್ಲ.

"ಹುಳಕ್ಕೆ ಮೂಗೈತಾ ಅತ್ತೆ?"

"ನಿಂಗಿಂತ ಚುರುಕಾಗೈತೆ. ಪೌಡ್ರು ಬಳ್ಕೊಂಡು ಹಿತ್ಲು ಕಡೆ ಹೋಗ್ಬ್ಯಾಡ."

"ನಾನೆಲ್ಲಿ ಹೋಗ್ತೀನಿ ಅಲ್ಲಿಗೆ. ನೀವುಂಟು, ನಿಮ್ಮ ಹುಳ ಉಂಟು."

ಮಗ ಕೆಂಪರಾಜು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ಬಂದು ತಟ್ಟೆಯ ಮುಂದೆ ಕೂತವನು ಮುದ್ದೆ ಮುರಿದು ಸಾರಿಗೆ ಅದ್ದಿ ಮುಖ ಸಿಂಡರಿಸಿದ. "ಸಪ್ಪೆ ಸಾರು ಉಂಡೂ ಉಂಡೂ ನಾಲ್ಗೇನೇ ಸತ್ತೋಯ್ತು ಕಣವ್ವ."

"ಹುಳ ಸತ್ರೆ ಸಾರೂ ಇರಾಕಿಲ್ಲ, ಉಣ್ಣು," ಎಂದ ಬೈರಪ್ಪ.

ಕೆಂಪರಾಜುವಿನ ಕಾರ್ಖಾನೆಯವರು ಆ ವರ್ಷ ತಂದೆತಾಯಿಯರ ಆರೋಗ್ಯ ತಪಾಸಣೆಗೆಂದು ಒಂದು ಕಾರ್ಡು ಕೊಟ್ಟಿದ್ದರು. ಬೈರಪ್ಪನಿಗೆ ಪಾದ ಜೋಮು ಹಿಡಿಯುತ್ತಿತ್ತು. ಸಕ್ಕರೆ ಕಾಯಿಲೆ ಇರಬಹುದೆಂದು ಮಗ ಅವನನ್ನು ರಾಮನಗರದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದ. ಗೂಡು ಬಿಡಿಸಿ ಮುಗಿದು ಮನೆಯಲ್ಲಿ ಹುಳವಿಲ್ಲದ ದಿನಗಳವು. ಆದ್ದರಿಂದ ಸರಸಮ್ಮನೂ ಜೊತೆಗೆ ಹೊರಟಳು. ಬೈರಪ್ಪನ ರಕ್ತ, ಮೂತ್ರ, ಎದೆ ಎಲ್ಲ ನೋಡಿ, ಏನೂ ತೊಂದರೆ ಇಲ್ಲ ಎಂದರು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನೋಡ್ಲಾ, ನಾನಿನ್ನೂ ಗಟ್ಟಿ ಅವ್ನಿ," ಎಂದು ಮಗನ ಬೆನ್ನಿಗೆ ಗುದ್ದಿದ.

ಡಾಕ್ಟರು ಮಾತ್ರ ಸರಸಮ್ಮನನ್ನು ನೋಡುತ್ತಿದ್ದರು. ಮಹಡಿಗೆ ಬರುವಾಗ ಅವಳು ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತದ್ದು ಅವರ ಕಣ್ಣಿಗೆ ಬಿದ್ದಿತ್ತು.

"ನಿಮಗೇನಮ್ಮ ತೊಂದರೆ?"

"ನಂಗೇನಿಲ್ಲ ಸಾ. ಇವರ ಜೊತೆ ಬಂದೆ."

ಅವರು ಬಿಡಲಿಲ್ಲ. ಕೂರಿಸಿ ಕೇಳಿದರು. ಬಿ.ಪಿ. ಹೆಚ್ಚಿತ್ತು. ಇ.ಸಿ.ಜಿ.ಯಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೂ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಬೇಕು ಎಂದು ಬರೆದರು.

"ಎಲ್ಲಾ ಸರಿ ಐತೆ ಅಂತೀರಿ, ಮತ್ಯಾಕೆ ಸಾ ಟೆಸ್ಟು?" ಎಂದ ಬೈರಪ್ಪ.

"ನಿಮ್ಮ ತೋಟದ ಮೋಟರನ್ನ ಆಫ್ ಮಾಡಿಟ್ಟು ನೋಡಿದರೆ ಏನು ಗೊತ್ತಾಗುತ್ತೆ ಯಜಮಾನರೇ? ನೀರೆತ್ತುವಾಗ ನೋಡಬೇಕು. ಎದೆಗೂ ಅಷ್ಟೆ. ಮಲಗಿದ್ದಾಗ ಸುಮ್ಮನಿರುತ್ತೆ. ನಡೆಸಿ, ಏರು ಹತ್ತಿಸಿ, ಬಡಿತ ಜಾಸ್ತಿಯಾದಾಗ ರಕ್ತ ಸಾಕಾಗುತ್ತೋ ಇಲ್ಲವೋ ಅಂತ ನೋಡಬೇಕು."

"ನಮ್ ಮೋಟ್ರು ಎರಡು ಸಲ ಸುಟ್ಟೋಗೈತೆ ಸಾ," ಎಂದ ಬೈರಪ್ಪ. ಡಾಕ್ಟರು ನಕ್ಕರು. ಸರಸಮ್ಮ ನಗಲಿಲ್ಲ.

ಅವಳಿಗೆ ಗೊತ್ತಿತ್ತು. ಹಿಪ್ಪುನೇರಳೆ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಮನೆಯ ದಿಬ್ಬ ಹತ್ತುವಾಗ, ಹೊಂಗೆಮರದ ಹತ್ತಿರ ಬಂದೊಡನೆ, ಯಾರೋ ಎದೆಗೆ ಹಗ್ಗ ಸುತ್ತಿ ಹುರಿ ಬಿಗಿದಂತೆ ಆಗುತ್ತಿತ್ತು. ಬಿಗಿತ ಎಡ ದವಡೆಗೂ ಹತ್ತುತ್ತಿತ್ತು. ಹೊರೆ ಇಳಿಸಿ ಸ್ವಲ್ಪ ನಿಂತರೆ ತಾನಾಗಿ ಸಡಿಲವಾಗುತ್ತಿತ್ತು. ದಾರಿಯಲ್ಲಿ ಹೋಗುವವರು ಕೇಳಿದರೆ, "ಸಿಂಬಿ ಸರಿ ಮಾಡ್ಕೋತಾ ಇವ್ನಿ," ಎನ್ನುತ್ತಿದ್ದಳು. ಗಂಡನಿಗೆ ಒಮ್ಮೆ ಹೇಳಿದ್ದಳು. "ಗ್ಯಾಸು. ಒಸಿ ಓಂಕಾಳು ಅಗಿ," ಎಂದಿದ್ದ. ಅಗಿದಿದ್ದಳು. ಆಮೇಲೆ ಹೇಳಿರಲಿಲ್ಲ.

ಟೆಸ್ಟಿನ ದಿನ ಮುಂದೆ ಮುಂದೆ ಹೋಯಿತು. ಮೊದಲು ಡಾಕ್ಟರು ಊರಲ್ಲಿರಲಿಲ್ಲ, ಆಮೇಲೆ ಕೆಂಪರಾಜುವಿಗೆ ರಜೆ ಸಿಗಲಿಲ್ಲ. ಅಷ್ಟರಲ್ಲಿ ಬೈರಪ್ಪ ಹೊಸ ಬೆಳೆಗೆ ಮರಿಹುಳ ತಂದು ಹಾಕಿದ್ದ. ಕೊನೆಗೆ ಒದಗಿದ ದಿನ ಎಂಥದೆಂದರೆ, ಹುಳ ಇನ್ನೇನು ಹಣ್ಣಾಗಬೇಕು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಬೇಕು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮೈ ತಿಳಿಯಾದೊಡನೆ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಗೂಡು ಕೆಡಿಸುತ್ತವೆ.

"ಗೂಡು ಕಟ್ಕೊಂಡ್ ಮ್ಯಾಲೆ ಹೋಗಾನ ಬುಡು," ಎಂದಳು ಸರಸಮ್ಮ.

"ನಂಗೆ ರಜ ಇರೋದೇ ಅವತ್ತು," ಎಂದ ಕೆಂಪರಾಜು.

"ಹಣ್ಣು ಹುಳ ಬುಟ್ಟು ಆಸ್ಪತ್ರೆಗೆ ಹೋದೋರ್ನ ನಾ ಕಾಣೆ ಕಣ್ಲಾ," ಎಂದ ಬೈರಪ್ಪ.

"ಬೆಳೆ ತಿಂಗ್ಳಿಗೊಂದು ಬತ್ತದೆ ಕಣಪ್ಪ. ಅವ್ವ ತಿಂಗ್ಳಿಗೊಬ್ಳು ಬತ್ತಾಳಾ?"

ಆ ಮಾತಿಗೆ ಬೈರಪ್ಪ ತಟ್ಟೆ ತಳ್ಳಿ ಎದ್ದುಹೋದ. ಹಾಗೆಂದು ಬೇಡವೆನ್ನಲಿಲ್ಲ.

ಟೆಸ್ಟಿಗೆ ಚೂಡಿದಾರ ಹಾಕಿಕೊಂಡು ಬನ್ನಿ, ಸೀರೆಯಲ್ಲಿ ನಡೆಯಲಾಗದು ಎಂದು ಆಸ್ಪತ್ರೆಯವರು ಹೇಳಿದ್ದರು. ಶ್ವೇತ ತನ್ನದೊಂದನ್ನು ಕೊಟ್ಟಳು. ಭುಜದ ಹತ್ತಿರ ಬಿಗಿಯಾಯಿತು. "ಚೆನ್ನಾಗ್ ಕಾಣ್ತೀರಾ ಅತ್ತೆ, ಕಾಲೇಜಿಗ್ ಸೇರುಸ್ಬೋದು," ಎಂದು ನಕ್ಕಳು. ಸರಸಮ್ಮ ಅದರ ಮೇಲೊಂದು ಹಳೆಯ ಟವೆಲ್ಲು ಹೊದ್ದುಕೊಂಡೇ ಮಗನ ಬೈಕು ಹತ್ತಿದಳು.

ಟೆಸ್ಟಿನ ಕೋಣೆಯಲ್ಲಿ ನಿಖಾತ್ ಎಂಬ ಹುಡುಗಿ ಇದ್ದಳು. ರಾಮನಗರದವಳೇ. ಎದೆಯ ಮೇಲೆ ಅಲ್ಲಲ್ಲಿ ಹತ್ತಿಯಿಂದ ಸ್ಪಿರಿಟ್ಟು ಒರೆಸಲು ಬಂದಳು.

"ಅದ ಹಚ್ಬ್ಯಾಡ ಕಣವ್ವ. ಮನೇಲಿ ಹುಳ ಅವೆ."

ರೇಷ್ಮೆಯೂರಿನ ಹುಡುಗಿಗೆ ಅದು ಅರ್ಥವಾಯಿತು. ಆದರೂ ಹೇಳಿದಳು: "ಒರೆಸದೆ ಇದ್ರೆ ಅಂಟಲ್ಲ ಅಮ್ಮ. ಗೆರೆ ಕುಣಿಯುತ್ತೆ. ಮನೆಗೆ ಹೋಗಿ ಸ್ನಾನ ಮಾಡಿ." ಒರೆಸಿಯೇ ಬಿಟ್ಟಳು. ತಣ್ಣಗೆ ಕೊರೆದಂತಾಯಿತು. ಆಮೇಲೆ ವೈರುಗಳನ್ನು ಅಂಟಿಸಿ, "ಎಷ್ಟು ಆಗುತ್ತೋ ಅಷ್ಟೂ ನಡೀರಿ. ಎದೆ ನೋವು, ಉಸಿರು ಕಟ್ಟೋದು, ಏನಾದ್ರೂ ಬಂದ್ರೆ ತಕ್ಷಣ ಹೇಳಿ," ಎಂದಳು.

ಬೆಲ್ಟು ಕಾಲಡಿಯಿಂದ ಹಿಂದಕ್ಕೆ ಸರಿಯತೊಡಗಿತು. ಮೊದಮೊದಲು ಅದು ತೋಟದ ಬದುವಿನ ನಡಿಗೆ. ಸ್ವಲ್ಪ ಹೊತ್ತಿಗೆ ಮುಂದುಗಡೆ ಮೇಲೆದ್ದಿತು. ದಿಬ್ಬದ ಬುಡ. ಇನ್ನೊಮ್ಮೆ ಎದ್ದಿತು. ಸರಸಮ್ಮನಿಗೆ ದಾರಿ ಚೆನ್ನಾಗಿ ಗೊತ್ತಿತ್ತು. ಇನ್ನು ನಾಲ್ಕು ಹೆಜ್ಜೆಗೆ ಹೊಂಗೆಮರ, ಅಲ್ಲಿ ಹಗ್ಗ ಬಿಗಿಯುತ್ತದೆ. ಬಿಗಿಯಿತು ಎಂದರೆ ಇವರು ಮಲಗಿಸುತ್ತಾರೆ. ಇವತ್ತು ಮನೆಗೆ ಕಳಿಸುವುದಿಲ್ಲ. ನಾಳೆ ಬೆಳಗಾಗುವಷ್ಟರಲ್ಲಿ ಹುಳ ಹಣ್ಣಾಗಿರುತ್ತವೆ. ಆ ಗಂಡಸೊಬ್ಬನೇ ಎಷ್ಟು ಆರಿಸಿಯಾನು?

"ಕಾಲು ಸೋತೋದ್ವು ಕಣವ್ವ. ನಿಲ್ಸು."

"ಎದೆ ಏನಾದ್ರೂ...?"

"ಇಲ್ಲಿಲ್ಲ. ಕಾಲೇ."

ಡಾಕ್ಟರು ಕಾಗದ ತಿರುವಿ ಹಾಕಿದರು. "ನೀವು ನಡೆದ ಮಟ್ಟಿಗೆ ತೊಂದರೆ ಕಾಣಲಿಲ್ಲ. ಆದರೆ ನಡೆದದ್ದೇ ಕಡಿಮೆ. ಬಡಿತ ಏರಬೇಕಾದಷ್ಟು ಏರಲಿಲ್ಲ. ಹಾಗಾಗಿ ಇದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ. ಕಾಲು ನೋವು ಕಡಿಮೆಯಾದ ಮೇಲೆ ಇನ್ನೊಮ್ಮೆ ಬರಬೇಕು."

ಅವರು 'ಆದರೆ' ಎನ್ನುವ ಹೊತ್ತಿಗೇ ಕೆಂಪರಾಜುವಿನ ಫೋನು ಹೊಡೆದುಕೊಂಡಿತು. ಸೂಪರ್‌ವೈಸರು. ಅವನು ಹೊರಗೆ ಹೋಗಿ ಮಾತಾಡಿ ಬಂದ. ಮನೆಗೆ ಬಂದು, "ಏನೂ ಕಾಣ್ಲಿಲ್ವಂತೆ," ಎಂದ. ಉಳಿದರ್ಧ ಹೇಳಲು ಸರಸಮ್ಮ ಬಾಯಿ ತೆರೆಯಲಿಲ್ಲ. ಹೇಳಿದರೆ ಇನ್ನೊಂದು ದಿನ ಗೊತ್ತುಮಾಡುತ್ತಾರೆ, ಇನ್ನೊಂದು ಜಗಳ.

ನೀರು ಹುಯ್ದುಕೊಂಡು, ಸೀರೆ ಉಟ್ಟು, ಅವಳು ಹಿತ್ತಿಲಿಗೆ ಓಡಿದಳು. ಹುಳದ ಮನೆಯ ಬಾಗಿಲಲ್ಲಿ ಬೈರಪ್ಪ ಅಡ್ಡ ನಿಂತಿದ್ದ.

"ಆಸ್ಪತ್ರೆ ವಾಸ್ನೆ ಬತ್ತೈತೆ. ಒಳಕ್ಕೆ ಬರ್ಬ್ಯಾಡ."

"ನೀರು ಹುಯ್ಕೊಂಡೆ. ಸೀಗೆಪುಡಿ ಹಾಕ್ಕೊಂಡೆ."

"ಇನ್ನೂ ಬತ್ತೈತೆ ಕಣಮ್ಮಿ. ಈ ಬೆಳೆ ಮುಗೀಲಿ, ತಡಿ."

ಅವಳು ತಾನೇ ನಡೆಸಿಕೊಂಡು ಬಂದ ಕಟ್ಟಳೆ ಅದು. ಎದುರಾಡುವಂತಿರಲಿಲ್ಲ. ಬಾಗಿಲ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಶ್ವೇತಳಿಗೆ ತಲೆಸ್ನಾನ ಮಾಡಿಸಿ ಒಳಗೆ ಕಳಿಸಿದರು. ಕಿಟಕಿಯ ಸೊಳ್ಳೆಪರದೆಯಾಚೆ ಮಾವ ಸೊಸೆ ಓಡಾಡುವುದು ಮಸುಕಾಗಿ ಕಾಣುತ್ತಿತ್ತು.

"ಸೊಪ್ಪ ಅಂಚಿಗೆ ಹಾಕು ಕಣಮ್ಮಿ ಶ್ವೇತ. ನಡುವ್ಕೆ ರಾಶಿ ಹಾಕ್ಬ್ಯಾಡ," ಎಂದು ಹೊರಗಿನಿಂದ ಕೂಗಿದಳು.

"ಹೇಳ್ಕೊಟ್ಟಿವ್ನಿ. ನೀ ಸುಮ್ಕಿರು," ಎಂದ ಬೈರಪ್ಪ.

ಹುಳ ಹಣ್ಣಾದವು. ಮುಟ್ಟಲು ಅಸಹ್ಯಪಡುತ್ತಿದ್ದ ಸೊಸೆ ಸೆರಗು ಸಿಕ್ಕಿಸಿ ಆರಿಸಿ ಚಂದ್ರಿಕೆಗೆ ಬಿಟ್ಟಳು. ಗೂಡು ಬಿಳಿಯಾಗಿ ಗಟ್ಟಿಯಾಗಿ ಬಂದವು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದ ಬೈರಪ್ಪ ಕೋಳಿ ತಂದ. ಶ್ವೇತ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಹಾಕಿ ಊರಿಗೇ ಕೇಳುವಂತೆ ಒಗ್ಗರಣೆ ಸಿಡಿಸಿದಳು. ಬಿ.ಪಿ. ಹೆಚ್ಚು ಎಂದು ಗೊತ್ತಾದ ದಿನದಿಂದ ಸರಸಮ್ಮನಿಗೆಂದು ಬೇರೆಯಾಗಿ ಉಪ್ಪು ಕಡಿಮೆ ಹಾಕಿ ಮಾಡುತ್ತಿದ್ದ ಸಾರು ಅವತ್ತಿನಿಂದ ನಿಂತುಹೋಯಿತು. ಯಾರೂ ನಿಲ್ಲಿಸೋಣ ಎನ್ನಲಿಲ್ಲ. ತಾನಾಗಿ ನಿಂತಿತು.

ನಡುಮನೆಯಲ್ಲಿ ನಾಲ್ವರೂ ಕೂತು ಉಣ್ಣುವಾಗ ಬೈರಪ್ಪ ಸೊಸೆಯನ್ನು ಹೊಗಳಿದ. "ನಿಮ್ಮತ್ತೆ ಇಲ್ದೇನೇ ಬೆಳೆ ಎದ್ದೋಯ್ತು ನೋಡು."

ಹೊಗಳಿಕೆಗೆ ಆಡಿದ ಮಾತು ಅದು. ಸರಸಮ್ಮ ಮೂಳೆಯೊಂದನ್ನು ತಟ್ಟೆಯ ಅಂಚಿಗೆ ಸರಿಸಿ, "ಹೂಂ," ಎಂದಳು.

ಆಮೇಲಿನ ವಾರಗಳಲ್ಲಿ ಅವಳಿಗೊಂದು ವಿಚಿತ್ರ ಅನುಭವವಾಯಿತು. ಟೆಸ್ಟಿಗೆ ಮುಂಚೆ ಅವಳು ಸುಸ್ತು ಎಂದರೆ ಯಾರಾದರೂ ತಿರುಗಿ ನೋಡುತ್ತಿದ್ದರು. ಈಗ ಆಸ್ಪತ್ರೆಯ ಕವರು ದೇವರ ಗೂಡಿನ ಪಕ್ಕದಲ್ಲಿತ್ತು. ಅವಳ ಪರವಾಗಿ ಅದೇ ಉತ್ತರ ಹೇಳುತ್ತಿತ್ತು.

"ದಿಬ್ಬ ಹತ್ತುವಾಗ ಎದೆ ಹಿಡ್ಕೊಂಡಂಗಾಯ್ತದೆ," ಎಂದಳು ಒಂದು ದಿನ.

"ಮಿಶನ್ ಮ್ಯಾಲೆ ಓಡ್ಸಿ ನೋಡ್ಲಿಲ್ವಾ? ಏನೂ ಇಲ್ಲ ಅಂದ್ಮೇಲೆ ಏನೂ ಇಲ್ಲ," ಎಂದ ಬೈರಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿರಾಳವಿತ್ತು. ಅದೇ ಕಷ್ಟವಾಗಿತ್ತು. ಮೂರು ಜನರ ನಿರಾಳದ ಅಡಿಯಲ್ಲಿ ಅವಳೊಬ್ಬಳೇ ತಾನು ನಡೆಯದೆ ಬಿಟ್ಟ ಆ ಕೊನೆಯ ನಾಲ್ಕು ಹೆಜ್ಜೆಯನ್ನು ಇಟ್ಟುಕೊಂಡು ಕೂತಿದ್ದಳು. ನಾನು ಬೇಕೆಂದೇ ನಿಲ್ಲಿಸಿದೆ ಎಂದು ಹೇಳಿದರೆ ಮಗ ರಜೆ ಹಾಕಿದ್ದು ದಂಡ. ಹೇಳದಿದ್ದರೆ ನೋವು ಸುಳ್ಳು.

ಬೈರಪ್ಪ ಮತ್ತೆ ಮರಿಹುಳ ತಂದ. ಈ ಸಲ ಶ್ವೇತಳೇ ಮೊದಲಿನಿಂದ ಒಳಗಿದ್ದಳು. ಸೊಪ್ಪು ಕೊಯ್ದು ತರುವುದಷ್ಟೇ ಸರಸಮ್ಮನ ಪಾಲಿಗೆ ಉಳಿಯಿತು. ಹೊರೆ ಚಿಕ್ಕದಾಗುತ್ತ ಬಂದಿತು. ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಹಿಂದೆ ಪಾತ್ರೆ ಬೆಳಗುತ್ತಿದ್ದಾಗ ಶ್ವೇತ ಕಿಟಕಿಯ ಬಳಿ ತನ್ನ ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಏನಿಲ್ಲ ಕಣಮ್ಮ. ಹುಳದ ಮನೆ ನನ್ ಕೈಗೆ ಬಂತಲ್ಲ, ಅದುಕ್ಕೆ ಅತ್ತೆಗೆ ಉಸ್ರು ಕಟ್ತದೆ. ಟೆಸ್ಟಲ್ಲಿ ಎಲ್ಲಾ ನಾರ್ಮಲ್ ಬಂದೈತೆ."

ಸರಸಮ್ಮ ತಂಬಿಗೆಯನ್ನು ನೀರಿನೊಳಗೆ ಮುಳುಗಿಸಿ, ಸದ್ದಾಗದ ಹಾಗೆ ತೊಳೆದಳು. ಸೊಸೆ ಕೆಟ್ಟವಳಲ್ಲ. ಕಂಡದ್ದನ್ನು ಕೂಡಿಸಿ ಲೆಕ್ಕ ಹಾಕಿದ್ದಾಳೆ. ತಪ್ಪು ಲೆಕ್ಕಕ್ಕೆ ಮೊದಲ ಅಂಕಿ ಕೊಟ್ಟವಳು ತಾನೇ.

ಅದಾದ ಮಾರನೆಯ ವಾರ ಹೊಂಗೆಮರದವರೆಗೆ ಹೋಗುವ ಅಗತ್ಯವೂ ಇಲ್ಲದಾಯಿತು. ತಲೆಯ ಮೇಲೆ ಏನೂ ಇಲ್ಲದೆ, ಬರೀ ಕೈಯಲ್ಲಿ ದಿಬ್ಬದ ಬುಡದಲ್ಲಿದ್ದಾಗಲೇ ಹಗ್ಗ ಬಿಗಿಯಿತು. ಅವಳು ಬದುವಿನ ಮೇಲೆ ಕೂತು ತೋಟದ ಕಡೆ ನೋಡಿದಳು. ಪಕ್ಕದ ಹೊಲದಲ್ಲಿ ದೊಡ್ಡಲಕ್ಷ್ಮಮ್ಮ ಕಳೆ ಕೀಳುತ್ತಿದ್ದಳು. "ಏನ್ ಸರಸಕ್ಕ, ಈಗ ಸೊಸೆ ಮಾಡ್ತಾಳೆ, ಆರಾಮಾಗ್ ಕೂತ್ಕೊಂಡೆಯಲ್ಲ!" ಎಂದು ಕೂಗಿದಳು. ಸರಸಮ್ಮ ಕೈ ಎತ್ತಿದಳು. ಕೂಗಿ ಉತ್ತರ ಕೊಡುವಷ್ಟು ಉಸಿರಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟಳು. ಕೆಂಪರಾಜು ಪಾಳಿಗೆ ಹೋಗಿದ್ದ. ಹುಳ ಮತ್ತೆ ದೊಡ್ಡವಾಗಿದ್ದವು, ಮಾವ ಸೊಸೆ ಒಳಗೆ ಸೊಪ್ಪು ಹಾಕುತ್ತಿದ್ದರು. ಮುಚ್ಚಿದ ಬಾಗಿಲ ಮುಂದೆ ನಿಂತು, "ಒಸಿ ರಾಮನಗ್ರಕ್ಕೆ ಹೋಗ್ಬತ್ತೀನಿ," ಎಂದಳು.

"ಬರೋವಾಗ ಸುಣ್ಣದ ಪುಡಿ ತಗಂಡ್ ಬಾ," ಎಂದ ಬೈರಪ್ಪ ಒಳಗಿನಿಂದ.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಒಳಗೆ ಸೊಪ್ಪಿನ ಕಡ್ಡಿ ಮುರಿಯುವ ಸದ್ದಷ್ಟೇ ಇತ್ತು. ಬಸ್ಸಿನ ಹೊತ್ತಾಯಿತೆಂದು ಹೊರಟಳು.

ನಿಖಾತ್ ಅವಳ ಗುರುತು ಹಿಡಿದಳು. "ಜೊತೆಗೆ ಯಾರಿದ್ದಾರೆ ಅಮ್ಮ? ಜೊತೆಯವರಿಲ್ಲದೆ ಟೆಸ್ಟ್ ಮಾಡಲ್ಲ."

"ಮಗ ಬಂದವ್ನೆ. ಗಾಡಿ ನಿಲ್ಸಕ್ಕೆ ಹೋದ."

ಸೀರೆ ಬಿಚ್ಚಿಸಿ ಆಸ್ಪತ್ರೆಯದೇ ಅಂಗಿ, ಪೈಜಾಮ ತೊಡಿಸಿದರು. ಸ್ಪಿರಿಟ್ಟು ಒರೆಸುವಾಗ ಅವಳು ಏನೂ ಹೇಳಲಿಲ್ಲ. ಡಾಕ್ಟರೇ ಬಂದು ಪಕ್ಕದಲ್ಲಿ ನಿಂತರು.

ಬೆಲ್ಟು ಸರಿಯಿತು. ಮುಂದುಗಡೆ ಎದ್ದಿತು. ದಿಬ್ಬದ ಬುಡ ಬಂತು. ಕಂಬಿ ಹಿಡಿದ ಕೈ ಬೆವರಿತು. ಇಷ್ಟು ದಿನ ಬಚ್ಚಿಟ್ಟದ್ದನ್ನು ಹೇಳಲು ಬಾಯಿ ಅಷ್ಟು ಸುಲಭಕ್ಕೆ ಬರಲಿಲ್ಲ. ಎದೆ ಬಿಗಿದು, ಬಿಗಿತ ದವಡೆಗೆ ಹತ್ತಿದ ಮೇಲೆ ಅಂದಳು:

"ಬಂತು ಸಾ. ಇಲ್ಲಿ. ಹಗ್ಗ ಬಿಗ್ದಂಗೆ."

"ಎಷ್ಟು ದಿನದಿಂದ ಇದೆ ಇದು?"

"ಸುಮಾರ್ ದಿನ ಆಯ್ತು."

ಬೆಲ್ಟು ನಿಂತಿತು. ಮಲಗಿಸಿ ನಾಲಗೆಯಡಿ ಮಾತ್ರೆ ಇಟ್ಟರು. ಡಾಕ್ಟರೂ ನಿಖಾತಳೂ ಪರದೆಯನ್ನೇ ನೋಡುತ್ತಿದ್ದರು. ಸರಸಮ್ಮನೂ ಕತ್ತು ಹೊರಳಿಸಿ ನೋಡಿದಳು. ತನ್ನ ನೋವು ಹೇಗೆ ಕಾಣುತ್ತದೆಂಬ ಕುತೂಹಲ. ಹಸಿರು ಗೆರೆ ಪ್ರತಿ ಬಡಿತದ ನಂತರ ಒಂದಿಷ್ಟು ಕೆಳಕ್ಕೆ ಜಗ್ಗಿತ್ತು.

"ಇಷ್ಟೇನಾ ಸಾ?"

"ಇಷ್ಟೇ. ಆದರೆ ಇಷ್ಟಾದರೆ ಸಾಕು," ಎಂದರು ಡಾಕ್ಟರು. "ನಾಳೆಯೇ ಏನಾದರೂ ಆಗಿಬಿಡುತ್ತೆ ಅಂತ ಈ ಟೆಸ್ಟ್ ಭವಿಷ್ಯ ಹೇಳಲ್ಲ ಅಮ್ಮ. ಇದೂ ಕೆಲವು ಸಲ ತಪ್ಪುತ್ತೆ. ಆದರೆ ನಿಮ್ಮ ನೋವು, ಈ ಗೆರೆ ಎರಡೂ ಒಟ್ಟಿಗೆ ಬಂದಿವೆ. ಎದೆಗೆ ಹೋಗುವ ರಕ್ತನಾಳ ಎಲ್ಲೋ ಕಟ್ಟಿಕೊಂಡಿರೋ ಸಾಧ್ಯತೆ ಜಾಸ್ತಿ. ಇವತ್ತೇ ಬೆಂಗಳೂರಿಗೆ ಬರೆದುಕೊಡ್ತೀನಿ. ಮಗನನ್ನ ಒಳಗೆ ಕರೀರಿ."

ಸರಸಮ್ಮ ಚಾವಣಿ ನೋಡಿದಳು.

"ಗಾಡಿ ಇನ್ನೂ ನಿಲ್ಲಿಸ್ತಾ ಇದ್ದಾರಾ ಅಮ್ಮ?" ಎಂದಳು ನಿಖಾತ್ ಮೆಲ್ಲಗೆ.

"ಯಾರೂ ಬಂದಿಲ್ಲ ಕಣವ್ವ."

ನಿಖಾತ್ ಬೈಯಲಿಲ್ಲ. ವೈರುಗಳನ್ನು ಒಂದೊಂದಾಗಿ ಬಿಡಿಸಿ, ಸೀರೆ ಉಡಲು ನೆರವಾಗಿ, ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಕೆಂಪರಾಜುವಿನ ಫೋನು ಕಾರ್ಖಾನೆಯ ಲಾಕರಿನಲ್ಲಿರುತ್ತದೆ. ಬೈರಪ್ಪನದು ನಡುಮನೆಯ ಮೊಳೆಗೆ ನೇತಾಡುವ ಅಂಗಿಯ ಜೇಬಿನಲ್ಲಿ. ಸರಸಮ್ಮ ನಿಖಾತಳ ಕೈಯಲ್ಲಿ ಶ್ವೇತಳಿಗೆ ಫೋನು ಹಚ್ಚಿಸಿದಳು.

"ಎಲ್ಲಿದೀರಾ ಅತ್ತೆ? ಇಷ್ಟೊತ್ತಾಯ್ತು!"

"ಆಸ್ಪತ್ರೇಲಿ ಇವ್ನಿ. ಅದೇ ಟೆಸ್ಟು ಇನ್ನೊಂದ್ಸಲ ಮಾಡ್ಸಕ್ಕೆ ಬಂದೆ. ಎದೇಲಿ ಕಟ್ಕೊಂಡೈತಂತೆ. ಬೆಂಗ್ಳೂರಿಗೆ ಹೋಗ್ಬೇಕಂತೆ, ಇವತ್ತೇ. ಜೊತೆಗ್ಯಾರಾದ್ರೂ ಬೇಕಂತೆ."

 ಶ್ವೇತ ಕೇಳಿದಳು: "ಮತ್ತೆ ಹೋದ್ಸಲ ಏನೂ ಇರ್ಲಿಲ್ವಲ್ಲ?"

"ನೋವು ಬರೋಕ್ ಮುಂಚೆ ನಾನೇ ನಿಲ್ಲುಸ್ಬುಟ್ಟಿದ್ದೆ. ಹುಳ ಹಣ್ಣಾಗೋವು."

"ಅಯ್ಯೋ ಅತ್ತೆ... ನಾನು ಏನೇನೋ..." ಎಂದಳು ಶ್ವೇತ. "ಮಾವಾ! ಮಾವಾ!" ಎಂದು ಕೂಗುತ್ತ ಹಿತ್ತಿಲಿಗೆ ಓಡಿದ ಹೆಜ್ಜೆ ಸದ್ದು ಫೋನಿನಲ್ಲಿ ಕೇಳಿತು. ಬಾಗಿಲು ಬಡಿದಳು. "ಸೊಪ್ಪು ಹಾಕ್ತಾ ಇವ್ನಿ, ಆಮ್ಯಾಕ್ ಹೇಳು," ಎಂಬ ದನಿ ದೂರದಿಂದ ಬಂತು. ಶ್ವೇತ ಏನೋ ಒದರಿದಳು. ಚಿಲಕ ಸರಿಯಿತು. ಆಮೇಲೆ ಫೋನಿಗೆ ತೀರ ಹತ್ತಿರದಲ್ಲಿ ಬೈರಪ್ಪನ ಉಸಿರು.

"ಯಾಕಮ್ಮಿ, ಹೇಳ್ಬಾರ್ದಿತ್ತಾ?"

"ಹೇಳ್ದೆ. ಗ್ಯಾಸು ಅಂದ್ರಿ."

  ಬೈದುಬಿಡುವಷ್ಟು ಸಿಟ್ಟು ಅವಳಲ್ಲಿ ಇರಲಿಲ್ಲ.  ಅವನು, "ಬಸ್ಸು ಹೋಗೈತೆ. ಯಾರ್ದಾರಾ ಗಾಡಿ ಕೇಳ್ತೀನಿ. ಎದ್ದು ಓಡಾಡ್ಬ್ಯಾಡ," ಎಂದ. ಫೋನು ಸೊಸೆಯ ಕೈಗೆ ಹೋಯಿತೋ ಕಟ್ಟಾಯಿತೋ ತಿಳಿಯಲಿಲ್ಲ.

ಎದುರಿನ ಬೆಂಚಿನಲ್ಲಿ ಒಬ್ಬ ಮುದುಕನನ್ನು ನಡುವೆ ಕೂರಿಸಿಕೊಂಡು ಮಗ, ಸೊಸೆ, ಮಗಳು ಕೂತಿದ್ದರು. ಒಬ್ಬರು ನೀರಿನ ಬಾಟಲು ಹಿಡಿದಿದ್ದರು, ಒಬ್ಬರು ಚಪ್ಪಲಿ. ನಿಖಾತ್ ಬಾಗಿಲಿಗೆ ಬಂದು ಆ ಮುದುಕನ ಹೆಸರು ಕೂಗಿದಳು. ಮೂವರೂ ಒಟ್ಟಿಗೆ ಎದ್ದರು.

ಬೆಂಚು ಖಾಲಿಯಾಯಿತು. ಒಳಗೆ ಬೆಲ್ಟು ಓಡತೊಡಗಿದ ಸದ್ದು ಬಂತು. ಸರಸಮ್ಮ ಕೈಚೀಲವನ್ನು ಪಕ್ಕದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬರುವವರು ಮೆಟ್ಟಿಲೇರಿ ಯಾವ ಕಡೆಯಿಂದ ಬರುತ್ತಾರೆಂದು ನೋಡಿ, ಆ ಕಡೆಗೆ ತಿರುಗಿ ಕೂತಳು.